ಮನೆ ಕೊಳ್ಳುವ ಮುಂಚೆ ಒಮ್ಮೆ ಕಾರಟಗಿಗೆ ಹೋಗಿ ಬನ್ನಿ

ಪ್ರಶ್ನೆ: ನಾವಿಬ್ಬರೂ 24 ವರ್ಷದಿಂದ ಬೆಂಗಳೂರಿನಲ್ಲಿದ್ದೇವೆ. ನನಗೀಗ 54. ಕಂಪನಿ ಕೆಲಸ ಬಿಟ್ಟಿದ್ದೇನೆ, ಮಗಳು ದುಡಿಯುತ್ತಿದ್ದಾಳೆ. ಹೆಂಡತಿಯ ತವರು ಕೊಪ್ಪಳ ಜಿಲ್ಲೆ. ಅಲ್ಲಿಗೇ ಹೋಗಿ ಇರೋಣ ಅಂತ ಆಸೆ. ಗಂಗಾವತಿಯಿಂದ 12 ಕಿ.ಮೀ. ದೂರದ ಹಳ್ಳಿಯಲ್ಲಿ ಮಣ್ಣಿನ ಚಾವಣಿಯ ಒಂದು ಹಳೆ ಮಾಳಿಗೆ ಮನೆ ನೋಡಿದ್ದೇವೆ. ಕಲ್ಲಿನ ಗೋಡೆ, ದೊಡ್ಡ ಪಡಸಾಲೆ, ಹಿಂದೆ ಹಿತ್ತಲು. 14 ಲಕ್ಷ ಹೇಳಿದ್ದಾರೆ. ಮಾರುತ್ತಿರುವವರು ಆ ಮನೆಯ ಹಿರಿಮಗ. ಫಾರಂ 9 ಅವರ ಹೆಸರಲ್ಲಿದೆ, ತೆರಿಗೆ ರಸೀದಿಯೂ ಇದೆ. ತಂದೆ 2011ರಲ್ಲಿ ತೀರಿಕೊಂಡರು, ತಾಯಿ ಅದಕ್ಕೂ ಮುಂಚೆ. ತಮ್ಮ ಕೋವಿಡ್‌ನಲ್ಲಿ ಹೋದ. ಅವನ ಹೆಂಡತಿ ಮತ್ತು 11 ವರ್ಷದ ಮಗ ಹೊಸಪೇಟೆಯಲ್ಲಿದ್ದಾರೆ. ತಂಗಿಯನ್ನು ಕಾರಟಗಿಗೆ ಕೊಟ್ಟಿದ್ದಾರೆ. "ಬಂಗಾರ ಹಾಕಿ ಮದುವಿ ಮಾಡೀವ್ರಿ, ಆಕಿದೇನೂ ಇಲ್ಲಿಲ್ಲ" ಅನ್ನುತ್ತಾರೆ. ಬಾಂಡ್ ಪೇಪರ್ ಮೇಲೆ ಬರೆದುಕೊಡುತ್ತೇನೆ, 2 ಲಕ್ಷ ನಗದು ಮುಂಗಡ ಕೊಡಿ ಎಂದು ಕೇಳುತ್ತಿದ್ದಾರೆ. ಇದರ ಜೊತೆಗೆ ಆನೆಗೊಂದಿ ಹತ್ತಿರ 2 ಎಕರೆ ಇದೆ, ಹೋಂಸ್ಟೇ ಮಾಡಬಹುದು ಎಂದು ಒಬ್ಬ ಏಜೆಂಟ್ ಬೆನ್ನು ಹತ್ತಿದ್ದಾನೆ. ಗೆಳೆಯರು ಮಾತ್ರ "371ಜೆ ಇದೆ, ಹೊರಗಿನವರು ಅಲ್ಲಿ ಆಸ್ತಿ ಕೊಳ್ಳುವಂತಿಲ್ಲ" ಎಂದು ಹೆದರಿಸುತ್ತಿದ್ದಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಭಯ ಕಂಡವು. ಹೊರಗಿನವರು ಕೊಳ್ಳಬಹುದಾ, ಕಾಗದ ಸರಿ ಇದೆಯಾ, 2 ಎಕರೆ ಬಿಟ್ಟರೆ ಕೆಟ್ಟೆವಾ, ಅಲ್ಲಿ ಹೋಗಿ ಬಾಳಲು ಆಗುತ್ತದಾ. ನೀವು ಜಾಸ್ತಿ ಹೆದರಿರುವುದು ಮೊದಲನೆಯದಕ್ಕೆ. ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಹೆದರಬೇಕಾದ ಜಾಗವನ್ನು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಅದು ಕಾರಟಗಿಯ ತಂಗಿ ಮತ್ತು ಹೊಸಪೇಟೆಯ ಹುಡುಗ.

ಮೊದಲು 371ಜೆ ವಿಷಯ ಮುಗಿಸಿಬಿಡೋಣ. ಸಂವಿಧಾನದ ಆ ವಿಧಿ ಕಲ್ಯಾಣ ಕರ್ನಾಟಕದ ಜನರಿಗೆ ಸರ್ಕಾರಿ ಕೆಲಸ ಮತ್ತು ಶಿಕ್ಷಣದಲ್ಲಿ ಮೀಸಲಾತಿ ಕೊಡುತ್ತದೆ, ಈ ಭಾಗದ ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿ ಕೊಡುತ್ತದೆ. ಮನೆ, ಹೊಲ ಯಾರು ಕೊಳ್ಳಬೇಕು ಎಂಬ ಮಾತೇ ಅದರಲ್ಲಿ ಇಲ್ಲ. ಉಲ್ಟಾ ಆಸೆಯನ್ನೂ ಇಟ್ಟುಕೊಳ್ಳಬೇಡಿ. ಇಲ್ಲಿ ಮನೆ ಕೊಂಡ ಮಾತ್ರಕ್ಕೆ ನಿಮ್ಮ ಮಗಳಿಗೆ 371ಜೆ ಪ್ರಮಾಣಪತ್ರ ಸಿಗುವುದಿಲ್ಲ.

"ರೈತರಲ್ಲದವರು ಕೊಳ್ಳುವಂತಿಲ್ಲ" ಎಂಬ ಮಾತು ಮಾತ್ರ ಒಂದು ಕಾಲಕ್ಕೆ ನಿಜವಾಗಿತ್ತು. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಇದ್ದಾಗ ಕೃಷಿ ಜಮೀನಿಗೆ ಆ ಅಡ್ಡಿ ಇತ್ತು. 2020ರ ತಿದ್ದುಪಡಿಯಲ್ಲಿ ಅವು ಹೋದವು. ಅದೂ ಹೊಲದ ಮಾತು. ಊರೊಳಗಿನ, ಅಂದರೆ ಗ್ರಾಮಠಾಣದ ಮನೆಗೆ ಆ ಅಡ್ಡಿ ಯಾವತ್ತೂ ಇರಲಿಲ್ಲ.

ಈಗ ಮನೆಯ ಕಾಗದಕ್ಕೆ ಬರೋಣ. ಫಾರಂ 9 ಅಂದರೆ ಗ್ರಾಮ ಪಂಚಾಯಿತಿ ಇ-ಸ್ವತ್ತು ತಂತ್ರಾಂಶದಿಂದ ಕೊಡುವ ಖಾತೆ ನಮೂನೆ. ಅದರ ಜೊತೆ 11ಎ ಇರುತ್ತದೆ. ಇವೆರಡು ಇದ್ದರೆ ಒಂದು ಒಳ್ಳೆಯ ಸುದ್ದಿ ಇದೆ. ಆ ಜಾಗ ಗ್ರಾಮಠಾಣದೊಳಗೆ ಇದೆ, ಇಲ್ಲವೇ ಕಾನೂನು ಪ್ರಕಾರ ಎನ್‌ಎ, ಅಂದರೆ ಕೃಷಿಯೇತರ ಜಾಗ, ಆಗಿದೆ ಎಂದರ್ಥ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಗೂ ಇವು ಬೇಕು. ಅದೇ 11ಬಿ ಆಗಿದ್ದರೆ, ಪಂಚಾಯಿತಿ ತೆರಿಗೆ ಹಾಕಿಕೊಂಡಿದೆ ಅಷ್ಟೇ, ಜಾಗ ಸಕ್ರಮ ಎಂದು ಒಪ್ಪಿಲ್ಲ. ಸಿಂಧನೂರು, ಗಂಗಾವತಿ ಕಡೆಯ ಕ್ಯಾಂಪುಗಳಲ್ಲಿ ಈ ಪೇಚು ಬಹಳ. ತುಂಗಭದ್ರಾ ಎಡದಂಡೆ ಕಾಲುವೆ ಬಂದಾಗ ಆಂಧ್ರದಿಂದ ಬಂದ ರೈತರು ಹೊಲದ ಮಗ್ಗುಲಲ್ಲೇ ಮನೆ ಕಟ್ಟಿಕೊಂಡರು. ಊರು ಬೆಳೆಯಿತು, ಗುಡಿ ಆಯಿತು, ಶಾಲೆ ಆಯಿತು. ಕಾಗದದಲ್ಲಿ ಮಾತ್ರ ಎಷ್ಟೋ ಕಡೆ ಅದು ಇನ್ನೂ ಹೊಲವೇ. ನಿಮ್ಮದು ಹಳೆ ಊರಿನ ಮನೆ, ಹಾಗಾಗಿ ಈ ತೊಂದರೆ ಇರಲಿಕ್ಕಿಲ್ಲ.

ಆದರೆ ಫಾರಂ 9 ಮಾಲೀಕತ್ವದ ಪತ್ರ ಅಲ್ಲ. ತೆರಿಗೆ ರಸೀದಿಯೂ ಅಲ್ಲ. ತೆರಿಗೆ ಯಾರು ಕಟ್ಟಿದರೂ ಪಂಚಾಯಿತಿ ತೆಗೆದುಕೊಳ್ಳುತ್ತದೆ. ತಂದೆ ಸತ್ತ ಮೇಲೆ ಊರಲ್ಲೇ ಉಳಿದ ಹಿರಿಮಗ ಒಂದು ಅರ್ಜಿ ಕೊಟ್ಟು ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿರುತ್ತಾನೆ. ಅದರಲ್ಲಿ ಮೋಸದ ಉದ್ದೇಶ ಇರಬೇಕಿಲ್ಲ. ತಮ್ಮ ಹೊರಗಿದ್ದ, ತಂಗಿ ಗಂಡನ ಮನೆಯಲ್ಲಿದ್ದಳು, ಯಾರೋ ಒಬ್ಬರ ಹೆಸರು ಬೇಕಿತ್ತು. ಖಾತೆ ಅವನ ಹೆಸರಿಗೆ ಬಂತು ಅಂತ ಮನೆ ಅವನೊಬ್ಬನದಾಗುವುದಿಲ್ಲ.

ಹಾಗಾದರೆ ಯಾರದ್ದು? ನೀವು ಬರೆದಿರುವ ಲೆಕ್ಕದಲ್ಲಿ ಮೂರು ಪಾಲು. ಹಿರಿಮಗನದು ಒಂದು, ತಂಗಿಯದು ಒಂದು, ತೀರಿಹೋದ ತಮ್ಮನ ಹೆಂಡತಿ ಮತ್ತು ಮಗನದು ಸೇರಿ ಒಂದು. ಬಂಗಾರ ಹಾಕಿದ್ದಕ್ಕೂ ಪಾಲಿಗೂ ಸಂಬಂಧ ಇಲ್ಲ. ನಮ್ಮ ಕಡೆ ಊರೂರಲ್ಲಿ ಹೇಳುವ ಮಾತಿದು, ಕೋರ್ಟು ಒಪ್ಪುವ ಮಾತಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿದೆ. ತಂದೆ ಸ್ವಂತ ದುಡಿದು ಕಟ್ಟಿಸಿದ ಮನೆಯೇ ಆಗಿರಲಿ, ಉಯಿಲು ಬರೆಯದೆ ಹೋಗಿದ್ದರೆ ಆಗಲೂ ಆಕೆ ಸಮಪಾಲಿನ ವಾರಸುದಾರಳೇ.

ಗಂಗಾವತಿ ಕೋರ್ಟಿನಲ್ಲಿ 26 ವರ್ಷದಿಂದ ಸಿವಿಲ್ ಕೇಸು ನಡೆಸುತ್ತಿದ್ದೇನೆ. ನನ್ನ ಕಪಾಟಿನಲ್ಲಿರುವ ಫೈಲುಗಳಲ್ಲಿ ಜಾಸ್ತಿ ಇರುವುದು ಪಾಲಿನ ದಾವೆಗಳೇ. ಒಬ್ಬರು ನಿಮ್ಮ ಹಾಗೆಯೇ ನಿವೃತ್ತರಾಗಿ ಬಂದವರು. ಅಣ್ಣನೊಬ್ಬನ ಸಹಿ ಹಾಕಿಸಿಕೊಂಡು ಮನೆ ಕೊಂಡರು, ಮೇಲೆ 9 ಲಕ್ಷ ಖರ್ಚು ಮಾಡಿ ರಿಪೇರಿ ಮಾಡಿಸಿದರು. ಗೃಹಪ್ರವೇಶದ ಊಟಕ್ಕೆ ಆ ಮನೆಯ ತಂಗಿಯೂ ಬಂದಿದ್ದಳಂತೆ. ಸುಮ್ನೆ ಮನೆಯನ್ನೆಲ್ಲ ನೋಡಿಕೊಂಡು ಹೋದಳು. ಮೂರನೇ ತಿಂಗಳಿಗೆ ಸಮನ್ಸ್ ಬಂತು. ಎಂಟು ವರ್ಷ ಆ ಮನೆಗೆ ಅವರು ಒಂದು ಹೊಸ ಗೋಡೆ ಎಬ್ಬಿಸಲು ಆಗಲಿಲ್ಲ, ಮಾರಲೂ ಆಗಲಿಲ್ಲ. ಕೊನೆಗೆ ಆಕೆಗೆ ದುಡ್ಡು ಕೊಟ್ಟೇ ರಾಜಿಯಾದರು. ಮೊದಲೇ ಕೇಳಿದ್ದರೆ ಕೊಡಬೇಕಾಗಿದ್ದಕ್ಕಿಂತ ಮೂರು ಪಟ್ಟು.

ಅದಕ್ಕೆ ನಾನು ಹೇಳುವುದು: ತಂಗಿ ಮತ್ತು ತಮ್ಮನ ಹೆಂಡತಿ ಇಬ್ಬರೂ ಮಾರುವವರಾಗಿಯೇ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಸಾಕ್ಷಿಯಾಗಿ ಅಲ್ಲ. "ಒಪ್ಪಿಗೆ ಇದೆ" ಎಂದು ಬಿಳಿ ಹಾಳೆ ಮೇಲೆ ಬರೆಸಿಕೊಳ್ಳುವುದೂ ಅಲ್ಲ. ತಂಗಿ ನಿಜವಾಗಲೂ ಪಾಲು ಬೇಡ ಅನ್ನುತ್ತಾಳಾ? ಒಳ್ಳೆಯದು, ಅಣ್ಣನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಮಾಡಿ ನೋಂದಣಿ ಮಾಡಿಸಲಿ. ಕುಟುಂಬದೊಳಗೆ ಅದಕ್ಕೆ ಖರ್ಚು ಕಡಿಮೆ.

ಹುಡುಗನ ವಿಷಯ ಇದಕ್ಕಿಂತ ಸೂಕ್ಷ್ಮ. 11 ವರ್ಷದ ಮಗುವಿನ ಪಾಲನ್ನು ತಾಯಿ ತನ್ನಷ್ಟಕ್ಕೆ ಮಾರಿಬಿಟ್ಟರೆ, ಅವನು 18 ತುಂಬಿದ ಮೇಲೆ ಮೂರು ವರ್ಷದೊಳಗೆ ಆ ಮಾರಾಟವನ್ನು ರದ್ದು ಮಾಡಿ ಎಂದು ಕೋರ್ಟಿಗೆ ಬರಬಹುದು. ಅಂದರೆ ಹತ್ತು ವರ್ಷ ನಿಮ್ಮ ತಲೆ ಮೇಲೆ ತೂಗುಗತ್ತಿ. ಮನೆ ಪಿತ್ರಾರ್ಜಿತವೋ ಅಜ್ಜನ ಸ್ವಂತದ್ದೋ ಎಂಬುದರ ಮೇಲೆ ಕಾನೂನಿನ ದಾರಿ ಸ್ವಲ್ಪ ಬದಲಾಗುತ್ತದೆ, ವಕೀಲರು ವಾದವನ್ನೂ ಮಾಡುತ್ತಾರೆ. ಕೊಳ್ಳುವವರಿಗೆ ಆ ವಾದ ಬೇಕಿಲ್ಲ. ಆ ತಾಯಿ ಜಿಲ್ಲಾ ನ್ಯಾಯಾಲಯದಿಂದ ಅನುಮತಿ ತರಲಿ. ಮಗುವಿಗೆ ಇದರಿಂದ ಒಳ್ಳೆಯದಾಗುತ್ತದಾ ಎಂದು ನ್ಯಾಯಾಧೀಶರು ನೋಡುತ್ತಾರೆ. ಸಾಮಾನ್ಯವಾಗಿ ಅವನ ಪಾಲಿನ ಹಣವನ್ನು ಅವನ ಹೆಸರಲ್ಲೇ ಬ್ಯಾಂಕಿನಲ್ಲಿ ಇಡಲು ಹೇಳುತ್ತಾರೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ಮಾರುವವರಿಗೆ ಅವಸರ ಇದ್ದರೆ ಇಲ್ಲೇ ಮುಖ ಸಣ್ಣಗೆ ಮಾಡುತ್ತಾರೆ. ಮಾಡಲಿ.

ಬಾಂಡ್ ಪೇಪರ್, 2 ಲಕ್ಷ ನಗದು. ಎರಡೂ ಬೇಡ. 100 ರೂಪಾಯಿ ಮೇಲಿನ ಯಾವ ಸ್ಥಿರಾಸ್ತಿಯ ಮಾರಾಟವಾದರೂ ನೋಂದಾಯಿತ ಕ್ರಯಪತ್ರದಿಂದಲೇ ಆಗಬೇಕು. ನೋಟರಿ ಮೊಹರು ಎಷ್ಟು ಕೆಂಪಗಿದ್ದರೂ ಅದು ಮಾರಾಟ ಅಲ್ಲ. ಆಸ್ತಿಗಾಗಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾನೂನಿಗೂ ವಿರುದ್ಧ. ಮುಂಗಡ ಕೊಡಲೇಬೇಕಾದರೆ ಸಣ್ಣ ಮೊತ್ತ ಕೊಡಿ, ಬ್ಯಾಂಕಿನ ಮೂಲಕ ಕೊಡಿ. ತಂಗಿ, ತಮ್ಮನ ಹೆಂಡತಿ ಇಬ್ಬರ ಸಹಿಯೂ ಇರುವ, ನೋಂದಾಯಿತ ಕರಾರು ಪತ್ರದ ಮೇಲೆ ಕೊಡಿ. "ಕೋರ್ಟಿನ ಅನುಮತಿ ಸಿಗದಿದ್ದರೆ ಹಣ ವಾಪಸ್" ಎಂಬ ಸಾಲು ಅದರಲ್ಲಿರಲಿ.

ಹಳೆ ಕಾಗದ ಕೇಳಿದರೆ ಮಾರುವವರು ಅಜ್ಜನ ಟ್ರಂಕು ತೆಗೆದು ಉರ್ದು ಬರಹದ ಹಾಳೆ ತೋರಿಸಬಹುದು. ಗಾಬರಿ ಬೇಡ. 1948ರವರೆಗೆ ನಾವು ನಿಜಾಮನ ಆಳ್ವಿಕೆಯಲ್ಲಿದ್ದವರು. ರಾಯಚೂರು, ಕೊಪ್ಪಳದ ಹಳೆ ದಾಖಲೆಗಳು ಉರ್ದುವಿನಲ್ಲಿರುವುದು ಸಹಜ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿಯ ಹಳೆ ಕಾಗದದ ಕಥೆಯೇ ಬೇರೆ. ಓದಬಲ್ಲ ಹಿರಿಯರು ಗಂಗಾವತಿಯಲ್ಲಿ ಇನ್ನೂ ಇದ್ದಾರೆ. ಆದರೆ ಬಹಳಷ್ಟು ಹಳ್ಳಿ ಮನೆಗಳಿಗೆ ಕಾಗದವೇ ಇರುವುದಿಲ್ಲ. ಯಾಕೆಂದರೆ ನಾಲ್ಕು ತಲೆಮಾರಿನಿಂದ ಯಾರೂ ಮಾರಿಯೇ ಇಲ್ಲ! ಆಗ ನಾನು ನೋಡುವುದು ಪಂಚಾಯಿತಿಯ ಹಳೆ ತೆರಿಗೆ ರಿಜಿಸ್ಟರಿನ ನಕಲು, ನಾಡಕಚೇರಿಯ ವಂಶವೃಕ್ಷ, 30 ವರ್ಷದ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಜೊತೆಗೆ ಅಕ್ಕಪಕ್ಕದ ಮನೆಗಳ ಕ್ರಯಪತ್ರದ ಚಕ್ಕುಬಂದಿ. ಪಕ್ಕದ ಮನೆಯವರ ಪತ್ರದಲ್ಲಿ "ಪಶ್ಚಿಮಕ್ಕೆ ಇಂಥವರ ಮನೆ" ಎಂದು ಈ ಕುಟುಂಬದ ಹೆಸರು 40 ವರ್ಷದ ಹಿಂದೆಯೇ ಬಂದಿದ್ದರೆ ಅದು ನಿಮಗೆ ದೊಡ್ಡ ಬಲ.

ಇಸಿಯಲ್ಲಿ ನೋಂದಾಯಿತ ವ್ಯವಹಾರ ಮಾತ್ರ ಕಾಣುತ್ತದೆ ಎಂಬುದು ನೆನಪಿರಲಿ. ಊರಲ್ಲೇ ಯಾರಿಗೋ ಭೋಗ್ಯಕ್ಕೆ ಹಾಕಿ ದುಡ್ಡು ತಂದಿದ್ದರೆ ಅದು ಅಲ್ಲಿ ಬರದೇ ಇರಬಹುದು. ಅದು ಗೊತ್ತಾಗುವುದು ಅಗಸಿ ಹತ್ತಿರದ ಚಹಾದಂಗಡಿಯಲ್ಲಿ. ನಿಮ್ಮ ಹೆಂಡತಿಯ ತವರಿನವರನ್ನು ಇದಕ್ಕೆ ಬಳಸಿಕೊಳ್ಳಿ, ನೀವು ಹೋದರೆ ಯಾರೂ ಬಾಯಿ ಬಿಡುವುದಿಲ್ಲ. ಹಿತ್ತಲಿನ ದಾರಿ ಯಾರದ್ದು, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಇದನ್ನೂ ಕೇಳಿಸಿ. ಹಳ್ಳಿಯ ಜಗಳ ಅರ್ಧಕ್ಕರ್ಧ ಬಚ್ಚಲ ನೀರಿನದ್ದೇ.

ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ. ಮುದ್ರಾಂಕ ಶುಲ್ಕ 5%. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2% ಆಗಿದೆ. ಸೆಸ್ಸು, ಸರ್ಚಾರ್ಜು ಸೇರಿ ಏಳೂವರೆ ದಾಟುತ್ತದೆ. 14 ಲಕ್ಷಕ್ಕೆ ಒಂದು ಲಕ್ಷದ ಮೇಲೆ ಸ್ವಲ್ಪ. ಕಡಿಮೆ ಬೆಲೆ ತೋರಿಸಿ ಉಳಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಾಳೆ ಕೇಸಾದರೆ ಕೋರ್ಟಿನ ಮುಂದೆ ನೀವು ಕೊಟ್ಟದ್ದು ಕಾಗದದಲ್ಲಿ ಇರುವಷ್ಟೇ.

ಇನ್ನು ಆನೆಗೊಂದಿಯ 2 ಎಕರೆ. ನನ್ನ ಅಭಿಪ್ರಾಯ ಕೇಳಿದರೆ ಬಿಟ್ಟುಬಿಡಿ. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ 29 ಹಳ್ಳಿಗಳು ಬರುತ್ತವೆ. ಹೊಳೆಯ ಈಚೆ ದಂಡೆಯ ಆನೆಗೊಂದಿ, ಸಣಾಪುರ, ಹನುಮನಹಳ್ಳಿ ಎಲ್ಲವೂ ಅದರೊಳಗೇ. ಅಲ್ಲಿ ಕಟ್ಟಡ ಕಟ್ಟಲು ಪಂಚಾಯಿತಿಯ ಕಾಗದ ಸಾಲದು, ಪ್ರಾಧಿಕಾರದ ಒಪ್ಪಿಗೆ ಬೇಕು. ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತೆಯೇ ಇಲ್ಲ, ಅದರಾಚೆಯ 200 ಮೀಟರಿಗೂ ಅನುಮತಿ ಬೇಕು. ವಿರೂಪಾಪುರ ಗಡ್ಡೆಯನ್ನು ನೀವೂ ನೋಡಿರುತ್ತೀರಿ. ವಿದೇಶಿಯರಿಂದ ತುಂಬಿ ತುಳುಕುತ್ತಿದ್ದ ಜಾಗ. 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಅಲ್ಲಿಯ ರೆಸಾರ್ಟುಗಳನ್ನು ಜೆಸಿಬಿ ತಂದು ಕೆಡವಿದರು. ಆ ರೆಸಾರ್ಟಿನವರೂ ಕೃಷಿ ಜಮೀನಿನಲ್ಲಿ "ಆಮೇಲೆ ಎನ್‌ಎ ಮಾಡಿಸಿದರಾಯಿತು" ಎಂದು ಶುರು ಮಾಡಿದವರೇ. ಏಜೆಂಟನಿಗೆ ಅವನ ಕಮಿಷನ್ ಮಾರಾಟದ ದಿನವೇ ಸಿಗುತ್ತದೆ, ಎನ್‌ಎ ಆದ ದಿನ ಅಲ್ಲ.

ಆ ಜಮೀನಿನ ಬಗ್ಗೆ ಇನ್ನೊಂದು ಎಚ್ಚರಿಕೆ, ಬೇರೆ ಎಲ್ಲೇ ಹೊಲ ನೋಡಿದರೂ ಇದು ಬೇಕಾಗುತ್ತದೆ. ನಮ್ಮ ಭಾಗದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಬಹಳ ಇದೆ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಮಾರಿದರೆ ಜಮೀನು ಮೂಲ ಮಂಜೂರಾತಿದಾರರಿಗೇ ಹೋಗುತ್ತದೆ, ನಿಮ್ಮ ದುಡ್ಡು ಹೋದಂತೆಯೇ. 2023ರ ತಿದ್ದುಪಡಿ ಬಂದ ಮೇಲೆ "ಬಹಳ ವರ್ಷ ಆಯಿತು, ಇನ್ನು ಕೇಳುವ ಹಾಗಿಲ್ಲ" ಎಂಬ ವಾದವನ್ನೂ ನೆಚ್ಚಿಕೊಳ್ಳುವಂತಿಲ್ಲ. ಮೂರನೇ ಕೈ, ನಾಲ್ಕನೇ ಕೈ ಕೊಂಡವರಿಗೂ ಇದು ತಾಗುತ್ತದೆ. ಹಾಗಾಗಿ ಇವತ್ತಿನ ಪಹಣಿ ನೋಡಿ ಸಮಾಧಾನ ಪಡಬೇಡಿ. ಹಳೆ ಕೈಬರಹದ ಪಹಣಿ, ಮ್ಯುಟೇಷನ್, ನಮ್ಮ ಕಡೆಯಾದರೆ 1954-55ರ ಖಾಸ್ರಾ ಪಹಣಿ, ಅಲ್ಲಿಯವರೆಗೂ ಹಿಂದೆ ಹೋಗಿ.

ಕೊನೆಯದು, ಬಾಳುವ ಮಾತು. ಇದು ನನ್ನ ಕಸುಬಿನ ಹೊರಗಿನದು, ಆದರೆ ಬಂದು ವಾಪಸ್ ಹೋದವರನ್ನು ಸಾಕಷ್ಟು ನೋಡಿದ್ದೇನೆ. ನೀವು ಮನೆ ನೋಡಿದ್ದು ಡಿಸೆಂಬರಿನಲ್ಲಿ ಇರಬೇಕು ಎಂದು ನನ್ನ ಅನುಮಾನ. ಭತ್ತದ ಕೊಯ್ಲು ಮುಗಿದು ಗಾಳಿ ತಂಪಾಗಿರುವಾಗ ನಮ್ಮ ಸೀಮೆ ಬಲು ಚೆಂದ. ಏಪ್ರಿಲ್‌ನಲ್ಲಿ ಬನ್ನಿ. ಬಿಸಿಲು 40 ದಾಟಿರುತ್ತದೆ, ಕರೆಂಟು ಹೋಗುತ್ತದೆ, ಆಗ ಆ ಪಡಸಾಲೆಯಲ್ಲಿ ಕೂತು ನೋಡಿ. ಜುಲೈನಲ್ಲಿ ನಾಟಿ ಶುರುವಾದ ಮೇಲೂ ಬನ್ನಿ. ಸುತ್ತ ನೀರು ನಿಂತ ಗದ್ದೆ, ಸಂಜೆಯಾದರೆ ಸೊಳ್ಳೆ, ಔಷಧ ಹೊಡೆದ ದಿನ ಮೂಗು ಮುಚ್ಚಿಕೊಳ್ಳಬೇಕು.

ಕಾಲುವೆ ಸೀಮೆಯ ಹಳೆ ಮನೆಯಲ್ಲಿ ಗೋಡೆಯ ಕೆಳಗಿನ ಮೊಣಕಾಲೆತ್ತರವನ್ನು ಗಮನಿಸಿ. ಬಿಳಿ ಉಪ್ಪು ಎದ್ದು ಸುಣ್ಣ ಉದುರುತ್ತಿದ್ದರೆ ನೆಲದ ಸವಳು ಗೋಡೆಗೆ ಏರುತ್ತಿದೆ ಎಂದರ್ಥ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಅಂಥ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರೆ ತೇವ ಒಳಗೇ ಉಳಿದು ಗೋಡೆ ಇನ್ನೂ ಬೇಗ ಕೆಡುತ್ತದೆ. ಜಂತಿಗೆ ಗೆದ್ದಲು ಹಿಡಿದಿದೆಯಾ, ಗೋಡೆ ಹೊಟ್ಟೆ ಬಿಟ್ಟಿದೆಯಾ ಎಂದು ಹಳೆ ಮನೆ ರಿಪೇರಿ ಗೊತ್ತಿರುವ ಊರ ಗೌಂಡಿಯಿಂದಲೇ ನೋಡಿಸಿ. ಮಾಳಿಗೆ ತೆಗೆದು ಆರ್‌ಸಿಸಿ ಹಾಕಿಸೋಣ ಅನ್ನುವ ಯೋಚನೆ ಇದ್ದರೆ, ಆ ಹಳೆ ಗೋಡೆ ಅದರ ಭಾರ ಹೊರುತ್ತದಾ ಎಂದು ಇಂಜಿನಿಯರ್ ಹೇಳಲಿ. ಹೊತ್ತರೂ, ಮೇ ತಿಂಗಳಲ್ಲಿ ಮಣ್ಣಿನ ಮಾಳಿಗೆಯ ಬೆಲೆ ನಿಮಗೆ ತಿಳಿಯುತ್ತದೆ. ಎರೆ ಭೂಮಿಯಾದರೆ ಇನ್ನೊಂದು ತಾಪತ್ರಯ: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ತಳಪಾಯವನ್ನೂ ತನ್ನ ಜೊತೆ ಆಡಿಸುತ್ತದೆ.

ನೀರನ್ನು ಕಣ್ಣಿನಿಂದ ನೋಡಿ ನಂಬಬೇಡಿ. ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹಳೆಯ ಕಾಟ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಹೋಗುತ್ತದೆ ಅನ್ನುವವರು ಇದ್ದಾರೆ. ಹೋಗುವುದಿಲ್ಲ, ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಊರ ಶುದ್ಧ ನೀರಿನ ಘಟಕ ನಡೆಯುತ್ತಿದೆಯಾ, ಇಲ್ಲಾ ಬೀಗ ಬಿದ್ದಿದೆಯಾ ಎಂದು ನೋಡಿಕೊಳ್ಳಿ. ಮುಂದೆ ಗಿಣಿಗೇರಾ ಸುತ್ತ ಮನೆ ನೋಡಿದರೆ ಬೆಳಿಗ್ಗೆ ಎದ್ದು ಕಟ್ಟೆ ಮೇಲೆ ಬೆರಳಾಡಿಸಿ, ಕಾರ್ಖಾನೆಯ ಕರಿ ಧೂಳು ಕೈಗೆ ಹತ್ತುತ್ತದೆ. ಆಸ್ಪತ್ರೆಗೆ ಕೊಪ್ಪಳದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ದೊಡ್ಡ ಕಾಯಿಲೆಗೆ ಜನ ಈಗಲೂ ಬಳ್ಳಾರಿ, ಹುಬ್ಬಳ್ಳಿಗೆ ಓಡುತ್ತಾರೆ. ರಾತ್ರಿ ಎದೆನೋವು ಬಂದರೆ ಯಾರ ಗಾಡಿ ಎಂಬುದನ್ನು ಈಗಲೇ ಯೋಚಿಸಿ, ನಿಮ್ಮ ವಯಸ್ಸಿನಲ್ಲಿ ಅದು ಸಣ್ಣ ಮಾತಲ್ಲ.

ನಿಮ್ಮ ಮುಂದೆ ಮೂರು ದಾರಿ ಇವೆ. ಗಂಗಾವತಿಯಲ್ಲೇ ಒಂದು ವರ್ಷ ಬಾಡಿಗೆಗೆ ಇದ್ದು ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯುವುದು. ಇದರಲ್ಲಿ ಹೋಗುವುದು ಬಾಡಿಗೆ ದುಡ್ಡು ಮಾತ್ರ. ಇಷ್ಟರಲ್ಲಿ ಈ ಮನೆ ಬೇರೆಯವರಿಗೆ ಹೋಗಬಹುದು. ಆದರೆ ಮೈನರ್ ಪಾಲು ಇರುವ ಮನೆಯನ್ನು ತಿಳಿದವರು ಯಾರೂ ಅವಸರದಲ್ಲಿ ಕೊಳ್ಳುವುದಿಲ್ಲ. ಎರಡನೆಯದು, ಇದೇ ಮನೆಯನ್ನು ಎಲ್ಲರ ಸಹಿ, ಕೋರ್ಟಿನ ಅನುಮತಿ ಪಡೆದು ಕೊಳ್ಳುವುದು. ಸಮಯ ಹಿಡಿಯುತ್ತದೆ, ಬೆಲೆಯೂ ಏರಬಹುದು, ಏಕೆಂದರೆ ಈಗ ಮೂರು ಮನೆಯವರು ಲೆಕ್ಕ ಹಾಕುತ್ತಾರೆ. ಮೂರನೆಯದು, ಎನ್‌ಎ ಆಗಿ ಅನುಮೋದನೆ ಇರುವ ಲೇಔಟಿನಲ್ಲಿ ಸೈಟು ತೆಗೆದು ಹೊಸದಾಗಿ ಕಟ್ಟುವುದು. ಕಾಗದ ಹಗುರ, ಬ್ಯಾಂಕಿನ ಸಾಲವೂ ಸುಲಭ. ಆದರೆ ನೀವು ಬರೆದ ಪಡಸಾಲೆ, ಹಿತ್ತಲು ಅಲ್ಲಿ ಸಿಗುವುದಿಲ್ಲ. ನಾನಾದರೆ ಮೊದಲ ಎರಡನ್ನು ಒಟ್ಟಿಗೆ ನಡೆಸುತ್ತಿದ್ದೆ. ಬಾಡಿಗೆ ಮನೆಯಲ್ಲಿದ್ದುಕೊಂಡೇ ಅನುಮತಿಯ ಅರ್ಜಿ ಮುಗಿಯಲಿ.

ಮುಂಗಡ ಕೊಡುವ ಮುಂಚೆ ನಿಮ್ಮ ಹೆಂಡತಿಯನ್ನು ಕರೆದುಕೊಂಡು ಕಾರಟಗಿಗೆ ಹೋಗಿ. ಮಾರುವ ಅಣ್ಣನಿಗೆ ತಿಳಿಸಿಯೇ ಹೋಗಿ, ಕದ್ದು ಹೋಗುವುದು ಬೇಡ. ಅವನು ಬೇಡ ಎಂದು ತಡೆದರೆ ನಿಮಗೆ ಉತ್ತರ ಅಲ್ಲೇ ಸಿಕ್ಕಿತು. ತಂಗಿಯ ಮನೆಯಲ್ಲಿ ಚಹಾ ಕುಡಿದು, "ನಿಮ್ಮ ತವರು ಮನಿ ನಾವು ತಗೋಬೇಕಂತೀವಿ, ನೀವೇನಂತೀರಿ ಅಕ್ಕಾರ?" ಎಂದು ನಿಮ್ಮ ಹೆಂಡತಿಯೇ ಕೇಳಲಿ. ಆಕೆ ಏನು ಹೇಳಿದಳು ಎಂದು ನನಗೆ ಬರೆಯಿರಿ, ಕ್ರಯಪತ್ರದ ಕರಡನ್ನು ಆಮೇಲೆ ನೋಡೋಣ.